ಅಳುವ ಬ್ರೇಕು

ಮೌನಿಯ ಮೂರು ಗಾಲಿಯ ಮೋಟಾರ್‌ಬೈಕು ಬ್ರೇಕು ಹಾಕಿದಾಗಲೆಲ್ಲ ಅಳುತ್ತಿತ್ತು. ಬೇರೆ ಗಾಡಿಯಾಗಿದ್ದರೆ ಅದೇನೂ ದೊಡ್ಡ ವಿಷಯವಲ್ಲ. ಆದರೆ ಇದು ಶವ ಸಾಗಿಸುವ ಗಾಡಿ. ಮುಂದೆ ಬೈಕು, ಹಿಂದೆ ಎರಡು ಗಾಲಿಗಳ ಮೇಲೆ ಉದ್ದನೆಯ ಕಪ್ಪು ಹಲಗೆ, ಅದರ ಸುತ್ತ ಹಿತ್ತಾಳೆಯ ಸರಳು. ಹಳೆಯ ಓಣಿಗಳಲ್ಲಿ ದೊಡ್ಡ ವ್ಯಾನು ನುಗ್ಗುವುದಿಲ್ಲವೆಂದು ಅಂತ್ಯಯಾತ್ರೆ ಕಚೇರಿಯ ಮಾಲೀಕರು ಇದನ್ನು ಮಾಡಿಸಿದ್ದರು. ಹನ್ನೊಂದು ವರ್ಷಗಳಿಂದ ಅದನ್ನು ಓಡಿಸುತ್ತಿದ್ದವನು ಮೌನಿ. ಅಗತ್ಯವಿಲ್ಲದೆ ಅವನು ತುಟಿ ಬಿಚ್ಚುತ್ತಿರಲಿಲ್ಲ, ಅಗತ್ಯವಿದ್ದಾಗಲೂ ಅಷ್ಟಕ್ಕಷ್ಟೆ. ಹೋದವರ ಮುಂದೆ ಗದ್ದಲ ಕೂಡದೆಂದು ಇಳಿಜಾರಿನಲ್ಲಿ ಇಂಜಿನ್ ಆರಿಸಿ, ಬ್ರೇಕನ್ನು ಹಗುರವಾಗಿ ಹಿಡಿದುಕೊಂಡೇ ಇಳಿಯುತ್ತಿದ್ದ. ಅವನು ಬಾಯಿ ಮುಚ್ಚಿಕೊಂಡಷ್ಟೂ ಗಾಡಿ ಬಾಯಿ ಬಿಡುತ್ತಿತ್ತು.

"ನಿಮ್ಮ ಪಾಲಿನ ಮಾತನ್ನೆಲ್ಲ ಅದೇ ಆಡ್ತಿದೆ ಬಿಡಿ," ಎನ್ನುತ್ತಿದ್ದಳು ಹೆಂಡತಿ.

ಹೋದ ವಾರ ಒಬ್ಬ ನಿವೃತ್ತ ನ್ಯಾಯಾಧೀಶರ ಮನೆಯ ಮುಂದೆ ಎಲ್ಲರೂ ತಲೆ ತಗ್ಗಿಸಿ ನಿಂತಿದ್ದಾಗ ಬ್ರೇಕು ಕಿರ್ರೆಂದು ಕೂಗಿತು. ಹಿರಿಯ ಸೊಸೆಗೆ ನಗು ಬಂತು. ಸಾವಿನ ಮನೆಯ ನಗು ಒಣಹುಲ್ಲಿಗೆ ಬಿದ್ದ ಕಿಡಿಯಂಥದು, ಕ್ಷಣದಲ್ಲಿ ಮಕ್ಕಳು ಮೊಮ್ಮಕ್ಕಳಿಗೆಲ್ಲ ಹಬ್ಬಿತು. ಮಾಲೀಕರು ಅದನ್ನು ಮರೆತಿರಲಿಲ್ಲ.

ಈ ದಿನ ಬೆಳಿಗ್ಗೆ ಅವನನ್ನು ಕರೆದು ಹೇಳಿದರು: "ಸಂಜೆ ನಾಲ್ಕಕ್ಕೆ ಪಿಟೀಲು ಟೀಚರಮ್ಮನ ಮನೆ. ನಿನ್ನ ಗಾಡೀನೇ ಬೇಕು ಅಂದ್ರು ಅವರ ಮಗಳು. ಆಮೇಲೆ ಬ್ರೇಕಿನ ಮಾತು ತೆಗೆದ್ರು."

"ಏನಂದ್ರು?" ಎಂದ ಮೌನಿ.

"ಪೂರ್ತಿ ಯಾರು ಕೇಳ್ತಾರೆ? 'ಗೊತ್ತಾಯ್ತಮ್ಮ, ನೋಡ್ಕೋತೀವಿ' ಅಂದೆ. ಬೈಗುಳ ಅಲ್ಲದೆ ಇನ್ನೇನಿರುತ್ತೆ? ಇವತ್ತು ಆ ಗಾಡಿ ಒಂದು ಸಲ ಕುಂಯ್ ಅಂದ್ರೂ ನಾಳೆಯಿಂದ ಕೀಲಿ ನನ್ನ ಅಳಿಯನ ಕೈಗೆ."

ದುಃಖದಲ್ಲಿರುವವರ ಮಾತನ್ನು ಮುಗಿಸಲು ಬಿಡಬಾರದು ಎಂಬುದು ಆ ಕಚೇರಿಯ ಮೊದಲ ನಿಯಮ. ಮಾತು ಮುಗಿಯುವಾಗ ಅಳು ಬರುತ್ತದೆ, ಅಳು ಬಂದರೆ ಹೊತ್ತು ಹೋಗುತ್ತದೆ. ಮೂವತ್ತು ವರ್ಷಗಳಲ್ಲಿ ಮಾಲೀಕರು ಯಾರ ವಾಕ್ಯವನ್ನೂ ಕೊನೆಯವರೆಗೆ ಕೇಳಿದವರಲ್ಲ.

ಮೌನಿಗೆ ಟೀಚರಮ್ಮನ ಪರಿಚಯವಿದ್ದದ್ದು ಕಿಟಕಿಯ ಮೂಲಕ ಮಾತ್ರ. ಅವರ ಮನೆ ಇಳಿಜಾರಿನ ಓಣಿಯ ತಿರುವಿನಲ್ಲಿತ್ತು, ಅಲ್ಲಿ ಬ್ರೇಕು ಹಾಕಲೇಬೇಕು. ಹಾಕಿದ ಕೂಡಲೇ ಮುದುಕಿ ಕಿಟಕಿಗೆ ಬಂದು ಎವೆಯಿಕ್ಕದೆ ನೋಡುತ್ತಿದ್ದರು. ಜೀವಮಾನವೆಲ್ಲ ಶ್ರುತಿ ತಿದ್ದಿದ ಕಿವಿ, ಈ ಕರ್ಕಶ ಸದ್ದನ್ನು ಹೇಗೆ ಸಹಿಸೀತು ಎಂದು ಅವನು ನಾಚಿ ತಲೆ ತಗ್ಗಿಸುತ್ತಿದ್ದ. ನಾಲ್ಕು ವರ್ಷ ಹಾಗೇ ನಡೆದಿತ್ತು. ಇವತ್ತೊಂದು ದಿನವಾದರೂ ಅವರನ್ನು ನೆಮ್ಮದಿಯಿಂದ ಕರೆದೊಯ್ಯಬೇಕೆಂದು ಅವನಿಗೆ ನಿಜವಾಗಿಯೂ ಅನ್ನಿಸಿತು.

ತನ್ನ ಮನೆಯ ಮುಂದೆ ಗಾಡಿ ನಿಲ್ಲಿಸಿ ಗಾಲಿಗಳ ಪಕ್ಕ ಕುಕ್ಕರಗಾಲಲ್ಲಿ ಕುಳಿತ. ಮೂರು ಗಾಲಿಗೂ ಒಂದೊಂದು ಉಕ್ಕಿನ ತಟ್ಟೆ, ತಟ್ಟೆಯ ಎರಡೂ ಬದಿ ಪ್ಯಾಡು. ನೋಡಲು ಎಲ್ಲ ಸರಿಯಾಗಿಯೇ ಇತ್ತು. ಯೋಚಿಸುತ್ತ ನೀರು ಕುಡಿಯಲು ಒಳಗೆ ಹೋದ. ಅಷ್ಟು ಹೊತ್ತು ಸಾಕಾಯಿತು ಎದುರುಮನೆಯ ದರ್ಜಿಗೆ.

"ಆಯ್ತು ನೋಡು!" ದರ್ಜಿ ಎದ್ದು ನಿಂತು ಕೈ ಒರೆಸಿಕೊಂಡ. ಕೈಯಲ್ಲಿ ಹೊಲಿಗೆ ಯಂತ್ರದ ಎಣ್ಣೆ ಬುಡ್ಡಿ. "ನನ್ನ ಮೆಷಿನ್ನೂ ಹೀಗೇ ಕಿರುಚ್ತಿತ್ತು. ನಾಲ್ಕು ಹನಿ ಬಿಟ್ಟೆ, ತೆಪ್ಪಗಾಯ್ತು."

"ಯಾವ ಗಾಲಿಗೆ ಬಿಟ್ರಿ?"

"ಮೂರಕ್ಕೂ. ಒಂದಕ್ಕೆ ಬಿಟ್ಟು ಇನ್ನೆರಡಕ್ಕೆ ಬಿಡದಿದ್ರೆ ಹೇಗೆ?"

ಮೌನಿಗೆ ಯಂತ್ರಜ್ಞಾನ ಕಡಿಮೆ, ದಾಕ್ಷಿಣ್ಯ ಜಾಸ್ತಿ. ಇಳಿಜಾರಿಗೆ ಹೋಗಿ ರೂಢಿಯಂತೆ ಇಂಜಿನ್ ಆರಿಸಿ ಬ್ರೇಕು ಒತ್ತಿದ. ಸದ್ದೇ ಇಲ್ಲ. ಆಹಾ ಎನ್ನುವಷ್ಟರಲ್ಲಿ ಬ್ರೇಕೂ ಇಲ್ಲವೆಂದು ತಿಳಿಯಿತು. ಗಾಡಿ ಓಣಿಯುದ್ದಕ್ಕೂ ಸದ್ದಿಲ್ಲದೆ ಧಾವಿಸಿತು. ಶವದ ಗಾಡಿ ಖಾಲಿ ಹಲಗೆಯೊಂದಿಗೆ ಅಟ್ಟಿಸಿಕೊಂಡು ಬಂದರೆ ಯಾರು ತಾನೇ ನಿಲ್ಲುತ್ತಾರೆ? ಮಂಡಿನೋವಿನ ಅಂಚೆಯವನು ಗೋಡೆ ಹಾರಿದ. "ನನ್ನ ಸರದಿ ಇನ್ನೂ ಬಂದಿಲ್ಲಪ್ಪೋ!" ಎಂದು ಒಬ್ಬಳು ಅಜ್ಜಿ ಕೊಡೆ ಬಿಸಾಡಿ ಓಡಿದಳು. ಕೊನೆಗೆ ಹಾಸಿಗೆ ಅಂಗಡಿಯ ಹತ್ತಿ ಮೂಟೆಗಳಿಗೆ ನುಗ್ಗಿ ಗಾಡಿ ನಿಂತಿತು. ಮೌನಿ ತಲೆಯಿಂದ ಕಾಲಿನವರೆಗೆ ಹತ್ತಿ ಮೆತ್ತಿಕೊಂಡು ಹೊರಗೆ ಬಂದ.

ಗಾಡಿಯನ್ನು ತಳ್ಳಿಕೊಂಡು ಗ್ಯಾರೇಜ್ ಅಕ್ಕನ ಹತ್ತಿರ ಹೋದಾಗ ಹನ್ನೆರಡು ದಾಟಿತ್ತು. ಆಕೆ ತಂದೆಯ ಕಾಲದಿಂದ ಅಲ್ಲೇ ಸ್ಪ್ಯಾನರ್ ಹಿಡಿದವಳು. ತಟ್ಟೆಯ ಮೇಲೆ ಬೆರಳಾಡಿಸಿ ಮೂಸಿದಳು.

"ಯಾರೋ ಮಹಾನುಭಾವ ಡಿಸ್ಕಿಗೆ ಎಣ್ಣೆ ಬಿಟ್ಟೋನು?"

"ದರ್ಜಿ."

"ಅವನಿಗೆ ಹೇಳು, ನಾಳೆ ನಾನು ಹೋಗಿ ಅವನ ಬಟ್ಟೆಗೆಲ್ಲ ಗ್ರೀಸ್ ಹಚ್ತೀನಿ ಅಂತ. ಎಣ್ಣೆ ಕುಡಿದ ಪ್ಯಾಡು ಮತ್ತೆ ನೆಟ್ಟಗಾಗಲ್ಲ. ಹೊಸದೇ ಹಾಕಬೇಕು."

ಹಳೆಯ ಪ್ಯಾಡು ಬಿಚ್ಚಿ ಬೆಳಕಿಗೆ ಹಿಡಿದಳು. ಅದರ ಮೈ ಗಾಜಿನಂತೆ ಹೊಳೆಯುತ್ತಿತ್ತು. "ನೋಡು, ಕೂಗಿಗೆ ಕಾರಣ ಇಲ್ಲಿದೆ. ಇಂಜಿನ್ ಆರಿಸಿ, ಇಡೀ ಇಳಿಜಾರು ಬ್ರೇಕು ಸವರಿಕೊಂಡೇ ಇಳೀತೀಯ ಅಲ್ವಾ? ಕಾದು ಕಾದು ಗಾಜಾಗಿದೆ. ಪ್ಯಾಡು ಹಿಂದೆ ಸರಿಯೋ ಪಿನ್ನು ತುಕ್ಕು ಹಿಡಿದು ಕಚ್ಕೊಂಡಿದೆ. ಪ್ಯಾಡು ಅಲುಗದ ಹಾಗೆ ಹಿಡಿಯೋ ಕ್ಲಿಪ್ಪು ಎಲ್ಲೋ ಉದುರಿದೆ. ನೀನು ಸದ್ದು ಬೇಡ ಅಂತ ಮಾಡಿದ್ದೇ ಇಷ್ಟು ಸದ್ದು ಮಾಡಿದೆ."

ಆ ಮಾತು ಮೌನಿಯ ಮನಸ್ಸಿಗೆ ನಾಟಿತು. ಅಕ್ಕ ತಟ್ಟೆಗಳನ್ನು ಸ್ಪಿರಿಟ್ಟಿನಿಂದ ತೊಳೆದಳು, ಪಿನ್ನುಗಳನ್ನು ಉಜ್ಜಿ ಅವಕ್ಕೆ ಮಾತ್ರ ಗ್ರೀಸ್ ಸವರಿದಳು, ಹೊಸ ಪ್ಯಾಡಿನ ಅಂಚು ಅರದಿಂದ ತಿಕ್ಕಿ, ಕ್ಲಿಪ್ಪು ಹಾಕಿ ಕೂರಿಸಿದಳು. ಮೂವತ್ತು ಸಲ ಓಡಿಸಿ ನಿಲ್ಲಿಸಿ ಪ್ಯಾಡು ಪಳಗಿಸಲು ಹೇಳಿದಳು. ಮೌನಿ ಮೂವತ್ತನ್ನೂ ಎಣಿಸಿ ಮಾಡಿದ. ಕೊನೆಕೊನೆಗೆ ಗಾಡಿ ಬೆಕ್ಕಿನ ಹೆಜ್ಜೆಯಲ್ಲಿ ನಿಲ್ಲತೊಡಗಿತು.

"ಆರು ತಿಂಗಳು ಸೊಲ್ಲೆತ್ತಲ್ಲ. ಗ್ಯಾರಂಟಿ," ಎಂದಳು ಅಕ್ಕ.

ನಾಲ್ಕು ಗಂಟೆಗೆ ಓಣಿ ತುಂಬ ಜನ. ಮೌನಿ ತಿರುವಿಗೆ ಬಂದು ಬ್ರೇಕು ಒತ್ತಿದ. ಗಾಡಿ ಟೀಚರಮ್ಮನ ಬಾಗಿಲಲ್ಲಿ ನಿಶ್ಶಬ್ದವಾಗಿ ನಿಂತಿತು. ಮಾಲೀಕರು ಕಣ್ಣಲ್ಲೇ ಬೆನ್ನು ತಟ್ಟಿದರು. ಹನ್ನೊಂದು ವರ್ಷಗಳಲ್ಲಿ ಮೊದಲ ಸಲ ಅವನು ತಲೆಯೆತ್ತಿ ನಿಂತ.

ಟೀಚರಮ್ಮನ ಮಗಳು ಹೊರಗೆ ಬಂದು ಗಾಡಿಯನ್ನೇ ನೋಡಿದರು. "ಯಾಕೆ ಕೂಗ್ಲಿಲ್ಲ?"

"ರಿಪೇರಿ ಮಾಡಿಸಿದ್ವಿ ತಾಯಿ," ಎಂದರು ಮಾಲೀಕರು ಹೆಮ್ಮೆಯಿಂದ.

"ರಿಪೇರಿನಾ? ಬೆಳಿಗ್ಗೆ ಅದನ್ನೇ ಹೇಳೋಕೆ ಬಂದೆ, ನೀವು ಮುಗಿಸೋಕೇ ಬಿಡ್ಲಿಲ್ಲ." ಅವರು ಗಾಡಿಯ ಹಿತ್ತಾಳೆ ಸರಳಿನ ಮೇಲೆ ಕೈಯಿಟ್ಟರು. "ಅಮ್ಮನಿಗೆ ನಾಲ್ಕು ವರ್ಷದಿಂದ ಕಿವಿ ಹೆಚ್ಚುಕಮ್ಮಿ ಹೋಗೇಬಿಟ್ಟಿತ್ತು. ಪಿಟೀಲು ಕೇಳಿಸ್ತಿರಲಿಲ್ಲ, ನಾನು ಕೂಗಿದ್ದೂ ಕೇಳಿಸ್ತಿರಲಿಲ್ಲ. ಈ ಬ್ರೇಕೊಂದು ಕೇಳಿಸ್ತಿತ್ತು. ಓಡಿ ಕಿಟಕಿಗೆ ಹೋಗೋರು. 'ನನಗೆ ಕೇಳಿಸ್ತು ಕಣೇ, ಹಾಗಾದ್ರೆ ನಾನಿನ್ನೂ ಇದ್ದೀನಿ' ಅಂತ ನಗೋರು. ಕೊನೇಲಿ ಹೇಳಿದ್ದು ಒಂದೇ ಮಾತು. 'ಆ ಗಾಡಿ ಬಾಗಿಲಲ್ಲಿ ಕೂಗಿದ ಮೇಲೂ ನಾನು ಏಳದಿದ್ರೆ ಆಗ ಎತ್ಕೊಂಡು ಹೋಗಿ' ಅಂತ. ಅದು ಕೂಗೋ ತನಕ ಅಮ್ಮನನ್ನ ಎತ್ತೋಕೆ ಬಿಡಲ್ಲ."

ಮೌನಿ ಗಾಡಿಯನ್ನು ಮೇಲಕ್ಕೆ ಒಯ್ದು ಇಳಿಸಿದ. ಸದ್ದಿಲ್ಲ. ಮತ್ತೆ ಒಯ್ದ. ಸದ್ದಿಲ್ಲ. ಜನರ ನಡುವೆ ಇದ್ದ ದರ್ಜಿ ಬ್ರೇಕಿಗೆ ಸುರಿಯಲೆಂದು ಎಲ್ಲಿಂದಲೋ ಒಂದು ಹಿಡಿ ಮರಳು ತಂದ, ಅಲ್ಲೇ ನಿಂತಿದ್ದ ಗ್ಯಾರೇಜ್ ಅಕ್ಕ ಅವನ ಕೈ ಹಿಡಿದು ನಿಲ್ಲಿಸಿದಳು. ಮೂರನೆಯ ಸಲವೂ ಗಾಡಿ ಗ್ಯಾರಂಟಿಗೆ ಸರಿಯಾಗಿ ನಡೆದುಕೊಂಡಿತು. ಬಿಸಿಲು ಗೋಡೆಯಿಂದ ಇಳಿಯುತ್ತಿತ್ತು, ಜನ ಪಿಸುಗುಟ್ಟತೊಡಗಿದರು, ಮಾಲೀಕರು ಹತ್ತಿರ ಬಂದು "ಕೀಲಿ" ಎಂದು ಮಾತ್ರ ಅಂದರು.

ನಾಲ್ಕನೆಯ ಸಲ ತಿರುವಿಗೆ ಬಂದಾಗ ಮೌನಿ ಬ್ರೇಕು ಒತ್ತಿ, ಕಣ್ಣು ಮುಚ್ಚಿ, ಬಾಯಿ ತೆರೆದ. ಹನ್ನೊಂದು ವರ್ಷ ನಿತ್ಯ ಕೇಳಿದ ಕೂಗು, ಅವನಿಗೆ ಬಾಯಿಪಾಠವಾಗಿತ್ತು. ಕಿರ್ರೆಂದು ಎದ್ದು, ನಡುವೆ ನಡುಗಿ, ಕೊನೆಯಲ್ಲಿ ಎಳೆದುಕೊಂಡು ಹೋಗುವ ಆ ಕೂಗು ಓಣಿಯ ಎರಡೂ ಗೋಡೆಗೆ ಬಡಿಯಿತು. ಯಾರೂ ನಗಲಿಲ್ಲ. ರೂಢಿಯಂತೆ ಅವನು ಕಿಟಕಿಯತ್ತ ನೋಡಿದ. ಯಾರೂ ಬರಲಿಲ್ಲ. ಆಗ ಅವನಿಗೆ ನಿಜವಾಗಿಯೇ ಅಳು ಬಂತು.

"ಈಗ ಎತ್ತಿ," ಎಂದರು ಮಗಳು, ಮೆಲ್ಲಗೆ.

ಸಂಜೆ ಕಚೇರಿಯಲ್ಲಿ ಮೌನಿ ತಾನಾಗಿಯೇ ಕೀಲಿಯನ್ನು ಮೇಜಿನ ಮೇಲಿಟ್ಟ. ಮಾಲೀಕರು ಅದನ್ನು ಅವನ ಕಡೆಗೇ ತಳ್ಳಿದರು.

"ನಿನ್ನ ಹತ್ರಾನೇ ಇರ್ಲಿ. ಬ್ರೇಕು ಚೆನ್ನಾಗಿದೆ, ಅದನ್ನ ಮುಟ್ಬೇಡ. ನಾಳೆ ಹನ್ನೊಂದಕ್ಕೆ ಕೆರೆ ಬೀದೀಲಿ ಒಂದು ಮನೆ, ಮೂರಕ್ಕೆ ಇನ್ನೊಂದು. ಇವತ್ತು ನೋಡಿದೋರೆಲ್ಲ ಅದೇ ಕೂಗು ಬೇಕು ಅಂತಿದ್ದಾರೆ. ಎಷ್ಟು ಮರ್ಯಾದೆಯಿಂದ ಕಳಿಸಿಕೊಟ್ರಿ ಅಂತ ಹೊಗಳಿದ್ರಪ್ಪ."

ಮೌನಿಗೆ ಹೇಳಬೇಕಾದದ್ದು ಬಹಳವಿತ್ತು. ಹನ್ನೊಂದು ವರ್ಷದ್ದೆಲ್ಲ ಒಟ್ಟಿಗೆ ಬಾಯಿಗೆ ಬಂತು. "ಸರ್, ನಾನು ಇನ್ನು ಮೇಲೆ..."

"ಗೊತ್ತಾಯ್ತಪ್ಪ, ನೋಡ್ಕೋತೀವಿ," ಎಂದರು ಮಾಲೀಕರು. "ಸುಮ್ಮನೆ ಮಾತಾಡಿ ಗಂಟಲು ಹಾಳು ಮಾಡ್ಕೋಬೇಡ."