ಸಾಯಣ್ಣ ಸೋದರತ್ತೆಯನ್ನು ತೆಗೆದದ್ದು

ಇನ್ನು ಮೇಲೆ ತನ್ನ ಕಥೆಯಲ್ಲಿ ಒಂದು ಒತ್ತಕ್ಷರವೂ ಅಲುಗಬಾರದು, ಒಂದು ಬೇಡದ ಮಾತೂ ಉಳಿಯಬಾರದು ಎಂದು ನಾರಾಯಣಪೇಟೆಯ ನೇಕಾರ ಸಾಯಣ್ಣ ಪಣ ತೊಟ್ಟಾಗ, ಸಾಕ್ಷಾತ್ ನಿಜಾಮರ ಫರ್ಮಾನೇ ಹೊರಟಂತಿತ್ತು!

ಕಥೆಯೇನೂ ಅವನ ಸ್ವಂತದ್ದಲ್ಲ. ಮಕ್ತಲಕ್ಕೆ ಬಂದಿದ್ದ ನಾಟಕ ಕಂಪನಿಯ ಆಟದಲ್ಲಿ ರಾಣಿ ರತ್ನಗಂಧಿಯನ್ನು ಕಂಡು ಮರುಳಾಗಿದ್ದ. ಪರದೆ ಬಿದ್ದರೂ ರಾಣಿ ಅವನ ತಲೆಯಿಂದ ಇಳಿಯಲಿಲ್ಲ. ಮುಂದೆ ಅವಳಿಗೆ ಏನೇನಾಯಿತೆಂದು ತಾನೇ ಬರೆಯತೊಡಗಿದ. ಬರೆದದ್ದನ್ನು ಮಧ್ಯಾಹ್ನ ತನ್ನ ಮಗ್ಗಗಳ ನಡುವೆ ನಿಂತು ಓದುತ್ತಿದ್ದ. ಅವನ ಕೂಲಿಯಾಳು ಅಂಜಯ್ಯ ಮಗ್ಗದ ಲಾಳಿ ಓಡಿಸುತ್ತ, ನೂಲಿನ ಕೆಲಸದ ಜಮ್ಮುಲಮ್ಮ ರಾಟೆಯಲ್ಲಿ ನೂಲು ಸುತ್ತುತ್ತ ಕೇಳುತ್ತಿದ್ದರು.

ಇಷ್ಟಕ್ಕೇ ಸುಮ್ಮನಿರಬಹುದಿತ್ತು. ಗದ್ವಾಲಿಗೆ ಸೀರೆ ಒಯ್ದವನು ಅಲ್ಲಿನ ಪಂತೋಜಿ ಮಹಾಂತಯ್ಯನವರಿಗೂ ಓದಿ ತೋರಿಸಿದ. ಸರಕಾರಿ ಶಾಲೆಯಲ್ಲಿ ಉರ್ದು, ಸಂತೆಯಲ್ಲಿ ತೆಲುಗು, ಮಠದ ಜಗುಲಿಯಲ್ಲಿ ಕನ್ನಡ ಕಲಿತವನ ವಾಕ್ಯ ಹೇಗಿರಬೇಡ! ಮಹಾಂತಯ್ಯ ಕಣ್ಣು ಮುಚ್ಚಿ ಕೇಳಿ, "ನಿನ್ನ ಕರ್ತೃಪದ ಗದ್ವಾಲದಾಗ ಬಂಡಿ ಹತ್ತತೈತಿ, ಕ್ರಿಯಾಪದ ಮಕ್ತಲದಾಗ ಇಳೀತೈತಿ. ನಡುವ ಕುಂತ ಮಂದಿನ್ನ ಮೊದಲ ಇಳಸಪ್ಪ," ಎಂದರು.

ಸಾಯಣ್ಣ ಇಳಿಸಿದ. ವಿಭಕ್ತಿಗಳನ್ನು ಸಾಲಾಗಿ ನಿಲ್ಲಿಸಿದ, ವಿಶೇಷಣಗಳ ತಲೆ ಬೋಳಿಸಿದ. ಕೊನೆಗೆ ಕತ್ತಿ ರಾಣಿಯ ಸೋದರತ್ತೆಯ ತನಕ ಬಂತು. ಇವನೇ ಹುಟ್ಟಿಸಿದ ಮುದುಕಿ. ಪ್ರತಿ ಅಧ್ಯಾಯದಲ್ಲೂ ಬಂದು ರೊಟ್ಟಿ ಬಡಿಯುವುದು, ರಾಣಿಗೆ ಬೈಯುವುದು, ಮಲಗುವುದು. ಕಥೆಗೆ ಮೂರು ಕಾಸಿನ ಉಪಯೋಗವಿಲ್ಲ. ಅವಳನ್ನು ಪೂರ್ತಿ ತೆಗೆದ.

ತಿದ್ದಿದ ಅಧ್ಯಾಯವನ್ನು ಓದಿದ್ದು, ಮಕ್ತಲದ ಮದುಮಗಳ ಸೀರೆಗೆ ಸೆರಗೊಂದೇ ಬಾಕಿಯಿದ್ದ ದಿನ. ಮಾರನೆಯ ಬೆಳಿಗ್ಗೆ ಮದುವೆಮನೆಯವರು ಬಂದು ಒಯ್ಯುವವರಿದ್ದರು. ರಾಣಿ ಎದ್ದಳು, ಯಾರೂ ಬೈಯಲಿಲ್ಲ. ಊಟಕ್ಕೆ ಕುಳಿತಳು, ಯಾರೂ ಬೈಯಲಿಲ್ಲ. ಜಮ್ಮುಲಮ್ಮನ ರಾಟೆ ನಿಂತಿತು.

"ಸೋದರತ್ತಿ ಎಲ್ಲಿ ಅದಾಳ್ರಿ?"

ಪಾತ್ರವನ್ನು ಕಥೆಯಿಂದ ತೆಗೆದಿರುವುದಾಗಿಯೂ, ಇದಕ್ಕೆ ಪರಿಷ್ಕರಣೆ ಎನ್ನುತ್ತಾರೆಂದೂ, ಆಕೆ ಈಗ ಇಲ್ಲ ಮಾತ್ರವಲ್ಲ, ಮೊದಲಿಂದಲೂ ಇರಲೇ ಇಲ್ಲವೆಂದೂ ಸಾಯಣ್ಣ ಗಂಭೀರವಾಗಿ ವಿವರಿಸಿದ.

"ಇರ್ಲೇ ಇಲ್ಲೇನ್ರಿ? ಮತ್ತ ಮೊನ್ನಿ ಮಾವಿನಕಾಯಿ ಉಪ್ಪಿನಾಗ ಹಾಕಿದಾಕಿ ಯಾರು?" ಎಂದು ಜಮ್ಮುಲಮ್ಮ ಸೆರಗಿನಿಂದ ಕಣ್ಣೊತ್ತಿಕೊಂಡಳು.

ಅಂಜಯ್ಯ ಯೋಚಿಸಿದ. ಹೇಳದೆ ಕೇಳದೆ ಊರಿಗೆ ಹೋಗುವ ಹೆಂಗಸಲ್ಲ ಆಕೆ. ಹಾಗಾದರೆ ಉಳಿದದ್ದು ಒಂದೇ. ಅವನು ಕಾಲಿಳಿಬಿಟ್ಟು ನೇಯುವ ಮಗ್ಗದ ಗುಂಡಿಯಿಂದ ಮೇಲೆ ಬಂದು ಕೈ ತೊಳೆದುಕೊಂಡ. ಸಾವಾದ ಮನೆಯಲ್ಲಿ ಆ ದಿನ ಮಗ್ಗ ಆಡಿಸಬಾರದೆಂಬುದು ಆ ಓಣಿಯ ಕಟ್ಟು. ಸುದ್ದಿ ತಿಳಿದು ಪಕ್ಕದ ಮನೆಯ ಮಗ್ಗವೂ ನಿಂತಿತು! ಸಂಧಿ ಸಮಾಸಗಳೆಲ್ಲ ಸರಿಯಿದ್ದ ಅಧ್ಯಾಯವನ್ನು ಕೈಯಲ್ಲಿ ಹಿಡಿದು ಸಾಯಣ್ಣ ಸೂತಕದ ಮನೆಯ ಯಜಮಾನನಂತೆ ನಿಂತ.

ಮಗ್ಗದ ಸದ್ದು ಅಡಗಿದ್ದರಿಂದ ಹೆಂಡತಿ ಭೀಮಮ್ಮ ಒಳಗಿಂದ ಬಂದಳು. ವಿಷಯ ತಿಳಿದು ಗಂಡನನ್ನು ಅಡಿಯಿಂದ ಮುಡಿಯವರೆಗೆ ನೋಡಿದಳು.

"ಮುಂಜಾನೆ ಮದಿವಿಮನಿಯವ್ರು ಬಂದ್ರ ಸೆರಗಿಲ್ಲದ ಸೀರಿ ಕೊಡ್ಲೇನ್ರಿ? ಆಕಿನ್ನ ಈಗಿಂದೀಗ ಹೊಳ್ಳಿ ಕರಕೊಂಡ ಬರ್ರಿ."

ಸಾಯಣ್ಣ ಅಲ್ಲೇ ಕುಕ್ಕುರುಗಾಲಲ್ಲಿ ಕೂತು ಬರೆದು ಓದಿದ. ಸೋದರತ್ತೆ ಕೋಸಗಿಯಲ್ಲಿ ಬಂಡಿ ಹತ್ತಿದಳು. ಆ ವಾಕ್ಯ ಎಲ್ಲೂ ನಿಲ್ಲದೆ, ಲಿಂಗ ವಚನಗಳನ್ನೆಲ್ಲ ಗಾಲಿಗೆ ಕೊಟ್ಟು, ಅರಮನೆಯ ಬಾಗಿಲಲ್ಲೇ ಉಸಿರುಬಿಟ್ಟಿತು. ಇಳಿದವಳೇ ರಾಣಿಗೆ ಬೈದಳು. ಅಂಜಯ್ಯನ ಮುಖ ಅರಳಿತು. ಆದರೆ ಗುಂಡಿಗೆ ಇಳಿಯಲಿಲ್ಲ. ಸತ್ತಳೆಂದು ಕೈ ತೊಳೆದ ಮೇಲೆ ಬದುಕಿ ಬಂದವಳನ್ನು ಸಿಹಿ ಮಾಡದೆ ಒಳಗೆ ಕರೆಯುವುದುಂಟೇ ಎಂದು ಜಮ್ಮುಲಮ್ಮ ತಕರಾರು ತೆಗೆದಿದ್ದಳು. ಭೀಮಮ್ಮ ಹಲ್ಲು ಕಚ್ಚಿಕೊಂಡು ಹೋಳಿಗೆ ತಟ್ಟಿದಳು. ಎಲ್ಲರ ಹೊಟ್ಟೆ ತಣ್ಣಗಾದ ಮೇಲೆ ಲಾಳಿ ಮತ್ತೆ ಹಾರಿತು, ಸೆರಗು ಬೆಳೆಯತೊಡಗಿತು.

ಗಂಡನ ತಟ್ಟೆಗೆ ಕೊನೆಯ ಹೋಳಿಗೆ ಹಾಕುತ್ತ ಭೀಮಮ್ಮ ಅಂದಳು: "ಕಥಿ ಉದ್ದ ಆಗೇತಿ ಅಂದ್ರ ಆ ರಾಣಿನ್ನ ತೆಗೀರಿ. ಮುಂಜಾನಿಂದ ಸಂಜಿತನ ಏನ್ ಮಾಡ್ತಾಳ ಆಕಿ?"

ರಾಣಿಗಾಗಿಯೇ ಇಷ್ಟೆಲ್ಲ ಮಸಿ ಸುರಿದ ಸಾಯಣ್ಣ ಕೈಗೆತ್ತಿಕೊಂಡ ಹೋಳಿಗೆಯನ್ನು ತಟ್ಟೆಗೇ ಇಟ್ಟ. ಅಂಜಯ್ಯನ ಕಡೆ ದೀನನಾಗಿ ತಿರುಗಿ, ರಾಣಿ ಹೋದರೂ ಮಗ್ಗ ನಿಲ್ಲಿಸುತ್ತೀಯಲ್ಲವೇ ಎಂದು ಕೇಳಿದ.

ಅಂಜಯ್ಯ ಲಾಳಿಯಿಂದ ಕಣ್ಣೆತ್ತಲಿಲ್ಲ.

"ಯಾಕ್ರಿ, ಆಕಿ ನಮಗೇನಾಗಬೇಕು?"