ಟೆಂಟಿನಲ್ಲಿ ನಾ ಹೇಳಿದ ಅಮೆರಿಕ

ಅಮೆರಿಕದ ಬಗ್ಗೆ ನಾನು ಬಾಯಿ ತೆರೆದರೆ ಏನಾದರೊಂದು ಫಜೀತಿ ಆಗಲೇಬೇಕು. ಅದು ನನ್ನ ಹಣೆಬರಹ. ಮೊನ್ನೆ ಟೀವಿಯಲ್ಲಿ ಆ ದೇಶ ತೋರಿಸುತ್ತಿದ್ದರು. "ಇದು ಅಮೆರಿಕ ಅಲ್ಲ" ಎಂದೆ. ಮೊಮ್ಮಕ್ಕಳು ಬಿದ್ದು ಬಿದ್ದು ನಕ್ಕರು. ನಗಲಿ. ನನಗೆ ಗೊತ್ತಿರುವ ಅಮೆರಿಕದಲ್ಲಿ ಗಂಡಸರು ಹೊಡೆದಾಡುವಾಗಲೂ ಟೊಪ್ಪಿಗೆ ಬೀಳಿಸುತ್ತಿರಲಿಲ್ಲ. ಕಾರುಗಳು ಎರಡು ಬಂಡಿಯಷ್ಟು ಉದ್ದ. ಬಡವನ ಮನೆಯಲ್ಲೂ ಟೆಲಿಫೋನು. ಆಕಾಶ, ಹುಲ್ಲು, ಹೆಂಗಸರ ತುಟಿ, ಎಲ್ಲವೂ ಕಪ್ಪು ಬಿಳುಪು. ಅದು ನೆನಪಾದರೆ ಈಗಲೂ ಮನಸ್ಸು ಹಿಗ್ಗುತ್ತದೆ, ಸ್ವಲ್ಪ ಸಂಕಟವೂ ಆಗುತ್ತದೆ.

ಆಗ ನಿಜಾಮನ ರಾಜ್ಯ ಹೋಗಿ ಕೆಲವೇ ವರ್ಷ ಆಗಿತ್ತು. ನಮ್ಮ ಟೂರಿಂಗ್ ಟಾಕೀಸಿನ ಸಾಹುಕಾರ ಹೈದರಾಬಾದಿನಿಂದ ಹಳೆಯ ಅಮೆರಿಕನ್ ಪಿಕ್ಚರುಗಳನ್ನು ಅಗ್ಗಕ್ಕೆ ತಂದು ಸಿಂಧನೂರು, ಲಿಂಗಸುಗೂರು, ಮಸ್ಕಿಯಲ್ಲಿ ಟೆಂಟ್ ಹಾಕಿ ತೋರಿಸುತ್ತಿದ್ದ. ಮಾತೆಲ್ಲ ಇಂಗ್ಲಿಷು. ಪರದೆಯ ಪಕ್ಕ ನಿಂತು ಕನ್ನಡದಲ್ಲಿ ಕತೆ ಹೇಳಲು ಒಬ್ಬ ಬೇಕಲ್ಲ, ಆ ಒಬ್ಬ ನಾನು. ಓದಿದ್ದು ಉರ್ದು ಶಾಲೆ. ಇಂಗ್ಲಿಷಿನಲ್ಲಿ 'ಯೆಸ್', 'ನೋ' ಎರಡು ಬರುತ್ತಿದ್ದವು. ಅದರಲ್ಲೂ 'ನೋ' ಅಷ್ಟು ಗಟ್ಟಿ ಇರಲಿಲ್ಲ. ಆದರೆ ಗಂಟಲು ಇತ್ತು, ಮಾತು ದೂರ ಮುಟ್ಟಿಸುವ ತಗಡಿನ ತುತ್ತೂರಿ ಇತ್ತು, ತೋರಿಸಲು ಉದ್ದನೆಯ ಬಿದಿರು ಕೋಲು ಇತ್ತು.

ಇಲ್ಲದ್ದು ಹೆಂಡತಿ. "ಊರೂರು ತಿರುಗಾವ, ಬಾಯಿ ಬಿಟ್ಟರ ಬರೇ ಸುಳ್ಳು. ಅವಗ್ಯಾರು ಹೆಣ್ಣು ಕೊಡ್ತಾರ?" ಎಂದು ಹೋದ ಹೋದ ಮನೆಯಲ್ಲಿ ನಮ್ಮವ್ವನಿಗೆ ಅನ್ನುತ್ತಿದ್ದರು. ನನ್ನ ವಯಸ್ಸು ಏರುತ್ತಿತ್ತು, ಅವ್ವನ ಹರಕೆಗಳೂ ಏರುತ್ತಿದ್ದವು.

ಸುಗ್ಗಿ

ಸಿಂಧನೂರಿನ ಮೊದಲ ಆಟ. ಪರದೆಯ ಮೇಲೆ ಕೋಟು ಹಾಕಿದ ಒಬ್ಬ ಮನುಷ್ಯ ದೊಡ್ಡ ಕಾರನ್ನು ತಾನೇ ನಡೆಸಿಕೊಂಡು ಬಂದ.

"ಸಾಹುಕಾರ ಇದ್ದಂಗ ಕಾಣ್ತಾನ, ತಾನ ಯಾಕ ಗಾಡಿ ಹೊಡೀತಾನ?" ಎಂದು ಒಬ್ಬ ರೈತ ಕೂಗಿದ.

"ಡ್ರೈವರ ಸುಗ್ಗಿಗೆ ಹೋಗ್ಯಾನ" ಎಂದೆ.

ಆ ಮನುಷ್ಯ ಮನೆಯ ಬಾಗಿಲು ತಾನೇ ತೆಗೆದ. ಆಳು ಸುಗ್ಗಿಗೆ ಹೋಗಿದ್ದಾನೆ ಎಂದೆ. ಕಾಫಿ ತಾನೇ ಬಗ್ಗಿಸಿಕೊಂಡ. ಅಡಿಗೆಯವಳೂ ಸುಗ್ಗಿಗೇ ಹೋದಳು. ಕಡೆಗೆ ಸೊಂಟಕ್ಕೆ ಬಟ್ಟೆ ಕಟ್ಟಿಕೊಂಡು ಹೆಂಡತಿಯ ಪಕ್ಕ ನಿಂತು ತಾಟು ತೊಳೆದ. ಗಂಡಸರು ತಲೆ ತಗ್ಗಿಸಿದರು; ಹೆಂಗಸರ ಕಡೆಯಿಂದ ಮಾತ್ರ ಯಾರೋ ಖುಷಿಯಿಂದ ಕೆಮ್ಮಿದರು.

ಮುಂದಿನ ಪಿಕ್ಚರು, ಅದರ ಮುಂದಿನದು, ಎಲ್ಲದರಲ್ಲೂ ಅದೇ. ಎಲ್ಲರ ಆಳುಗಳೂ ಸುಗ್ಗಿಗೆ. ಆ ರೈತ ಒಂದು ದಿನ ತಡೆಯಲಾರದೆ ಎದ್ದು ನಿಂತ.

"ಅಲ್ಲಪಾ, ಆ ಊರಾಗ ವರ್ಷಾನಗಟ್ಟಲೆ ಸುಗ್ಗಿನ ಐತೇನು?"

ನಾನು ಉತ್ತರ ಹುಡುಕುವುದರೊಳಗೆ ಪಕ್ಕದವನು ಅವನ ಅಂಗಿ ಹಿಡಿದು ಕೂಡಿಸಿದ. "ಕುಂದ್ರೋ ಮಾರಾಯ. ಅವರ ಕೆನಾಲಿಗೆ ನೀರು ಬಂದೈತಿ. ನಮ್ಮದಿನ್ನೂ ಸರಪಳಿ ಹಿಡದು ಅಳ್ಯಾಕತ್ತಾರ!"

ಬಿಳಿ ಕಪಾಟು

ಮಸ್ಕಿಯಲ್ಲಿ ಹೆಂಗಸರ ಗರ್ದಿ ಜಾಸ್ತಿ. ನಡುವೆ ಬಟ್ಟೆ ಕಟ್ಟಿ ಅವರ ಜಾಗ ಬೇರೆ ಮಾಡಿದ್ದರು. ಒಂದು ಪಿಕ್ಚರಿನಲ್ಲಿ ಅಮೆರಿಕದ ಅಡಿಗೆಮನೆ ಬಂತು. ಮೂಲೆಯಲ್ಲಿ ಆಳೆತ್ತರದ ಬಿಳಿ ಕಪಾಟು. ಮನೆಯಾಕೆ ಅದರ ಬಾಗಿಲು ತೆಗೆದಳು, ಒಳಗೆ ದೀಪ ಉರಿಯುತ್ತಿತ್ತು. ಆಕೆ ಅದರ ಮುಂದೆ ಸುಮ್ಮನೆ ನಿಂತು ಒಳಗೆ ನೋಡತೊಡಗಿದಳು. ಈಗ ಅದಕ್ಕೆ ಫ್ರಿಜ್ ಅನ್ನುತ್ತೀರಿ, ಈಗಲೂ ಜನ ಅದರ ಮುಂದೆ ಹಾಗೇ ನಿಲ್ಲುತ್ತಾರೆ. ನಾನು ಅವತ್ತಿನವರೆಗೆ ಅಂಥದ್ದನ್ನು ಕಂಡವನಲ್ಲ.

"ಅದೇನೋ ತಮ್ಮಾ?" ಎಂದು ಮುಂದೆ ಕುಳಿತ ಒಬ್ಬ ಮುದುಕಿ ಕೇಳಿದಳು.

ದೀಪ ಉರಿಯುತ್ತಿದೆ, ಹೆಣ್ಣುಮಗಳು ಮುಂದೆ ನಿಂತಿದ್ದಾಳೆ. ಇನ್ನೇನಿರಲು ಸಾಧ್ಯ? "ದೇವರ ಮನಿ, ಯವ್ವಾ. ನಂದಾದೀಪ ಹಚ್ಚ್ಯಾರ" ಎಂದೆ. ಮುದುಕಿ ಕೈ ಮುಗಿದಳು. ಅವಳನ್ನು ನೋಡಿ ಉಳಿದವರೂ ಮುಗಿದರು. ಅಷ್ಟರಲ್ಲಿ ಮನೆಯಾಕೆ ಒಳಗೆ ಕೈ ಹಾಕಿ, ಪುಕ್ಕ ಕಿತ್ತ ಇಡೀ ಕೋಳಿಯೊಂದನ್ನು ಕಾಲು ಹಿಡಿದು ಹೊರಗೆ ಎಳೆದಳು!

"ಎಪ್ಪಾ! ದೇವರ ಮನ್ಯಾಗಿಂದ ಕೋಳಿ ತಗದಳಲ್ಲೋ!"

ಮುಗಿದ ಕೈಗಳೆಲ್ಲ ಗಾಳಿಯಲ್ಲೇ ನಿಂತವು. ಸಾಹುಕಾರ ಗೇಟಿನಲ್ಲಿ ನಿಂತು ಹಣೆ ಚಚ್ಚಿಕೊಂಡ. ನಾನು ಒಂದು ಉಸಿರು ತೆಗೆದುಕೊಂಡು ತುತ್ತೂರಿ ಎತ್ತಿದೆ. "ಅವರ ಮನಿದೇವರು ದುರುಗವ್ವ ಯವ್ವಾ!"

"ಹಂಗನ್ನು ಮತ್ತ" ಎಂದು ಮುದುಕಿ ಸಮಾಧಾನವಾಗಿ ಕೈ ಮುಗಿಯುವುದನ್ನು ಪೂರ್ತಿ ಮಾಡಿದಳು. ಮುಂದಿನ ಮಂಗಳವಾರ ನಾನು ಟೆಂಟಿಗೆ ಬಂದಾಗ ಪರದೆಯ ಕೆಳಗೆ ಯಾರೋ ಕಾಯಿ ಒಡೆದು ಹೋಗಿದ್ದರು.

ಜಗಿಯುವವನು

ಇನ್ನೊಂದು ಪಿಕ್ಚರಿನ ಹೀರೋ ಮೊದಲಿಂದ ಕಡೆಯವರೆಗೆ ಏನೋ ಜಗಿಯುತ್ತಲೇ ಇದ್ದ. ಚ್ಯೂಯಿಂಗ್ ಗಮ್ ಎಂಬ ವಸ್ತು ನಮ್ಮ ಕಡೆ ಯಾರಿಗೆ ಗೊತ್ತು? "ಎಲಿ ಅಡಿಕಿ ಹಾಕ್ಯಾನ" ಎಂದುಬಿಟ್ಟೆ. ಟೆಂಟಿನ ಗಂಡಸರ ಬಾಯಲ್ಲೂ ಅದೇ ಇತ್ತು, ಆದ್ದರಿಂದ ಎಲ್ಲರಿಗೂ ಅವನು ಬೇಕಾದವನಾದ. ಕುದುರೆ ಹತ್ತಿದ, ಉಗುಳಲಿಲ್ಲ. ಗುಂಡು ಹೊಡೆದ, ಉಗುಳಲಿಲ್ಲ. ಹುಡುಗಿಯ ಜೊತೆ ಮಾತಾಡಿದ, ಆಗಲೂ ಇಲ್ಲ. ಜನರಿಗೆ ಕತೆ ಮರೆತೇ ಹೋಯಿತು. "ಉಗುಳೋ ಎಪ್ಪಾ, ಎಷ್ಟೊತ್ತು ಹಿಡಕೊಂತಿ!" ಎಂದು ಹಿಂದಿನವರು ಬೇಡಿಕೊಂಡರು. ಪಿಕ್ಚರು ಮುಗಿದೇ ಹೋಯಿತು, ಪುಣ್ಯಾತ್ಮ ಉಗುಳಲೇ ಇಲ್ಲ. ಅರ್ಧ ಟೆಂಟು ಹೊರಗೆ ಓಡಿಬಂದು ಅವನ ಪರವಾಗಿ ಉಗುಳಿತು.

ಬದುವಿನ ವ್ಯಾಜ್ಯ

ಲಿಂಗಸುಗೂರು ಕೋರ್ಟು ಕಚೇರಿಯ ಊರು. ಅಲ್ಲಿ ಕುರ್ಚಿ ಸಾಲಿನಲ್ಲಿ ಒಬ್ಬ ಮಾಸ್ತರರು ಕೂಡುತ್ತಿದ್ದರು. ಅವರಿಗೆ ನಿಜವಾಗಿಯೂ ಇಂಗ್ಲಿಷ್ ಬರುತ್ತಿತ್ತು, ನನ್ನ ಕಷ್ಟ ಅದೇ.

ಅವತ್ತು ಕುದುರೆ ಸವಾರರ ಪಿಕ್ಚರು. ಟೊಪ್ಪಿಗೆ ಹಾಕಿದ ಇಬ್ಬರು ಮುಖಾಮುಖಿ ನಿಂತು ಪಿಸ್ತೂಲಿಗೆ ಕೈ ಹಾಕಿದರು. ನಾನು ಹೇಳಿದೆ: "ಇಬ್ಬರೂ ಅಣ್ಣತಮ್ಮರ ಮಕ್ಕಳು. ಹೊಲದ ಬದುವಿನ ವ್ಯಾಜ್ಯ. ಅಜ್ಜನ ಕಾಲದಿಂದ ನಡದೈತಿ."

ಮಾಸ್ತರರು ಕುರ್ಚಿಯಿಂದ ಎದ್ದರು. "ಸುಳ್ಳು! ಅವರು ಮಾತಾಡಾಕತ್ತಿದ್ದು ಬ್ಯಾರೇನ ಐತಿ!"

"ಹಂಗಾದ್ರ ನೀವ ಬಂದು ಹೇಳ್ರಿ" ಎಂದು ಸಾಹುಕಾರ ಕೋಲು, ತುತ್ತೂರಿ ಎರಡನ್ನೂ ಅವರ ಕೈಗೆ ಕೊಡಿಸಿದ. ಕೆಲಸ ಇದ್ದಾಗಲೇ ಹೆಣ್ಣು ಕೊಡದವರು ಕೆಲಸ ಹೋದ ಮೇಲೆ ಕೊಡುತ್ತಾರೆಯೇ?

ಮಾಸ್ತರರು ಗಂಟಲು ಸರಿಮಾಡಿಕೊಂಡು, ಪಾಠ ಮಾಡುವ ಧಾಟಿಯಲ್ಲಿ ಹೇಳಿದರು: "ಇವರು ಸಂಬಂಧಿಕರಲ್ಲ. ಈ ಮೊದಲು ಒಬ್ಬರನ್ನೊಬ್ಬರು ನೋಡಿಯೂ ಇಲ್ಲ. ಇವನು ಅವನ ಟೊಪ್ಪಿಗೆ ನೋಡಿ ನಕ್ಕ. ಅದಕ್ಕೇ ಜಗಳ."

ಕೋರ್ಟಿಗೆ ಬಂದಿದ್ದ ಒಬ್ಬ ಕಕ್ಷಿದಾರ ಎದ್ದ. "ಬೀಗರಲ್ಲ, ದಾಯಾದಿಗಳಲ್ಲ, ನಡುವ ಹೊಲಾ ಇಲ್ಲ. ಮತ್ತ ಯಾಕ ಹೊಡದಾಡ್ತಾರ್ರೀ? ಹುಚ್ಚೇನು? ಸಾಹುಕಾರ್ರ, ನಮ್ಮ ರೊಕ್ಕ ನಮಗ ಕೊಡ್ರಿ!"

ಟೆಂಟೇ ಎದ್ದು ನಿಂತಿತು. ಮಾಸ್ತರರು ಬೆವರು ಒರೆಸಿಕೊಂಡು ತುತ್ತೂರಿಯನ್ನು ನನ್ನ ಕೈಗೆ ತುರುಕಿದರು. ಕುರ್ಚಿಗೆ ಹೋಗಿ ಕುಳಿತವರು ಕೊನೆಯ ರೀಲಿನ ಹೊತ್ತಿಗೆ ಎದ್ದು ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು: "ಕಡೀಕ ಬದು ಯಾರಿಗೆ ಹೋತು?"

ಪುರಾಣ ಕೇಳಲು ಬಂದವರು

ಮನೆಮನೆಗೆ ಹೋಗಿ ಬಳೆ ಇಡಿಸುತ್ತಿದ್ದ ಒಬ್ಬ ಅಜ್ಜಿ ನನಗೆ ಮಸ್ಕಿಯಿಂದ ಒಂದು ಸಂಬಂಧ ತಂದಳು. ಹುಡುಗಿಯ ತಂದೆ ಜವಳಿ ವ್ಯಾಪಾರಿ. ಹಣೆ ತುಂಬ ವಿಭೂತಿ, ಸಿನಿಮಾ ಎಂದರೆ ಉರಿದು ಬೀಳುವ ಮನುಷ್ಯ. ಅವರಿಗೆ ಅಜ್ಜಿ ಏನು ಹೇಳಿದ್ದಳು ಗೊತ್ತೇ? "ಹುಡುಗ ದಿನಾ ಸಂಜೀಕ ಪುರಾಣ ಹೇಳ್ತಾನ್ರಿ. ಮುನ್ನೂರು ಮಂದಿ ನೆಲದ ಮ್ಯಾಲ ಕುಂತು ಕೇಳ್ತಾರ."

ಒಂದು ಸಂಜೆ ಆ ಯಜಮಾನರು ಪುರಾಣ ಕೇಳಲು ಸಿಂಧನೂರಿಗೆ ಬಂದೇಬಿಟ್ಟರು. ಕೈಯಲ್ಲಿ ಕಾಯಿ, ಬಾಳೆಹಣ್ಣು. ಜೊತೆಗೆ ಅವರ ಅಕ್ಕ, ಅಂದರೆ ಹುಡುಗಿಯ ಸೋದರತ್ತೆ, ಮತ್ತು ಬಳೆ ಅಜ್ಜಿ. ಟೆಂಟು ಕಂಡಿದ್ದೇ ತಡ, ಯಜಮಾನರ ಮುಖ ಕೆಂಪಾಯಿತು.

"ಇದು ಸಿನಿಮಾ ಅಲ್ಲೇನು?"

"ಈಗಿನ ಕಾಲದಾಗ ಪುರಾಣಕ್ಕ ಚಿತ್ರಾನೂ ತೋರಸ್ತಾರ್ರೀ" ಎಂದಳು ಬಳೆ ಅಜ್ಜಿ.

"ನಾ ಚಿತ್ರ ನೋಡಾಂವಲ್ಲ. ಕಿವಿಲೇ ಕೇಳ್ತೀನಿ" ಎಂದು ಅವರು ಮುಂದಿನ ಸಾಲಿನಲ್ಲಿ ಕುಳಿತು ಕಣ್ಣು ಮುಚ್ಚಿದರು.

ಅಜ್ಜಿ ಓಡಿಬಂದು ನನಗೆ ಸುದ್ದಿ ಮುಟ್ಟಿಸಿದಳು. ಪಿಕ್ಚರು ನೋಡಿದರೆ ಪ್ರೇಮದ್ದು! ಇದೊಂದು ಸಂಬಂಧ ತಪ್ಪಿದರೆ ಅವ್ವ ಹರಕೆ ಹೊರಲು ದೇವರೂ ಉಳಿದಿರಲಿಲ್ಲ. ದೇವರ ಮೇಲೆ ಭಾರ ಹಾಕಿ "ಓಂ ನಮಃ ಶಿವಾಯ" ಎಂದೆ. "ಅಮೆರಿಕ ಎಂಬ ಪುರದಲ್ಲಿ ಒಬ್ಬ ಶಿವಭಕ್ತನಿದ್ದ..." ಹೀರೋ ಹೋಟೆಲಿನಲ್ಲಿ ಗ್ಲಾಸು ಎತ್ತಿದ. "ಭಕ್ತನು ತೀರ್ಥ ಸ್ವೀಕರಿಸಿದ." ಹುಡುಗ ಹುಡುಗಿಯರು ಸೊಂಟ ಹಿಡಿದು ಕುಣಿದರು. "ಭಜನೆಗೆ ಮೈಮರೆತರು." ಯಜಮಾನರು ಕಣ್ಣು ಮುಚ್ಚಿಯೇ ತಲೆದೂಗಿದರು. ಸೋದರತ್ತೆ ಮಾತ್ರ ಕಣ್ಣು ಅರಳಿಸಿ ನೋಡುತ್ತಿದ್ದಳು.

ಕಡೆಗೆ ರೈಲ್ವೆ ಸ್ಟೇಷನ್ ಬಂತು. ಹೀರೋ ರೈಲಿನಿಂದ ಇಳಿದ, ಹುಡುಗಿ ಓಡಿಬಂದು ಅವನನ್ನು ಅಪ್ಪಿಕೊಂಡಳು. ಇಂಥ ಜಾಗ ಬಂದಾಗ ನಮ್ಮಲ್ಲೊಂದು ಪದ್ಧತಿ ಇತ್ತು: ನಾನು ಕೋಲಿನಿಂದ ಕಂಬಕ್ಕೆ ಬಡಿಯಬೇಕು, ಆಪರೇಟರ್ ಮಶೀನಿನ ಮುಂದೆ ಅಂಗೈ ಅಡ್ಡ ಹಿಡಿಯಬೇಕು. ಬಡಿದೆ. ಕತ್ತಲಾಗಲಿಲ್ಲ. ಮತ್ತೆ ಬಡಿದು ಹಿಂದೆ ನೋಡಿದರೆ, ನನ್ನ ಪುರಾಣ ಕೇಳುತ್ತ ಆಪರೇಟರ್ ಎರಡೂ ಕೈ ಮುಗಿದು ನಿಂತುಬಿಟ್ಟಿದ್ದಾನೆ! ಪರದೆಯ ಮೇಲೆ ತುಟಿಗೆ ತುಟಿ ಸೇರಿತು. ನನ್ನ ಬಾಯಿ ಕಟ್ಟಿತು. ಮಾತು ನಿಂತದ್ದು ಯಾಕೆ ಎಂದು ಯಜಮಾನರು ಕಣ್ಣು ಬಿಟ್ಟರು.

"ಧೂಳು!" ಎಂದು ಚೀರಿದೆ. "ರೈಲಿನ ಧೂಳು ಹುಡುಗಿ ಕಣ್ಣಾಗ ಬಿದ್ದೈತಿ! ಭಕ್ತ ಊದಿ ತಗ್ಯಾಕತ್ತಾನ!"

ಮುತ್ತು ಮುಗಿಯಲೊಲ್ಲದು. "ದೊಡ್ಡ ಧೂಳು" ಎಂದೆ. "ಧೂಳಲ್ಲ, ಕಲ್ಲು ಬಿದ್ದಿರಬೇಕು!" ಎಂದು ಹಿಂದಿನಿಂದ ಯಾರೋ ಕೂಗಿದರು. ಅಂತೂ ಅವರು ಒಬ್ಬರನ್ನೊಬ್ಬರು ಬಿಟ್ಟರು. ನಾನು ಉಸಿರು ಬಿಡುವಷ್ಟರಲ್ಲಿ ಮತ್ತೆ ಹಿಡಿದುಕೊಂಡರು.

"ಈಗ ಇನ್ನೊಂದು ಕಣ್ಣು!" ಎಂದೆ.

ಆಟ ಮುಗಿಯಿತು. ಯಜಮಾನರು ನೆಟ್ಟಗೆ ನನ್ನ ಕಡೆ ಬಂದರು. ನಾನು ಕಂಬ ಹಿಡಿದು ನಿಂತೆ. ಮೊದಲು ಬಾಯಿ ತೆರೆದವಳು ಸೋದರತ್ತೆ.

"ಅಕಿ ಸೀರಿ ಉಟ್ಟಿದ್ದರ ಸೆರಗಿನ ತುದಿ ಬಾಯಿಲೇ ಬೆಚ್ಚಗ ಮಾಡಿ ಕಣ್ಣಿಗೆ ಒತ್ತಬಹುದಿತ್ತು. ಸೀರಿ ಇಲ್ಲದ್ದಕ್ಕ, ಪಾಪ, ಇಷ್ಟೆಲ್ಲಾ ಬಂತು."

ಯಜಮಾನರು ನಗಲಿಲ್ಲ. ನನ್ನನ್ನು ಮೇಲಿಂದ ಕೆಳಗೆ ನೋಡಿದರು. "ನಾ ಕಣ್ಣು ಬಿಟ್ಟಿದ್ದೆ, ತಮ್ಮಾ. ಅದು ಧೂಳಲ್ಲ ಅಂತ ನನಗೂ ಗೊತ್ತೈತಿ. ಆದ್ರ ಯಾರದೋ ಮನಿ ಹುಡುಗಿ ಮಾನ ಇಷ್ಟು ಮಂದಿ ಮುಂದ ಕಾಯ್ದಿ. ನನ್ನ ಮಗಳದೂ ಕಾಯ್ತೀ." ಕಾಯಿ, ಹಣ್ಣು ನನ್ನ ಕೈಗಿಟ್ಟರು. ಸುಳ್ಳು ಹೇಳುವುದಿಲ್ಲ, ನನಗೆ ಅಳು ಬಂತು.

ಮದುವೆಯಾಗಿ ಅವಳು ಸಿಂಧನೂರಿಗೆ ಬಂದಳು. ಒಂದು ಮಧ್ಯಾಹ್ನ ಅವ್ವ ಸಂತೆಗೆ ಹೋಗಿದ್ದಾಗ ಕೇಳಿದೆ: "ಆ ಅಜ್ಜಿಗೆ ಪುರಾಣ ಅಂತ ಹೇಳಾಕ ಕಲಿಸಿದಾವರು ಯಾರು?"

"ನಾನ ರೀ" ಎಂದಳು ತಣ್ಣಗೆ. "ಮಸ್ಕ್ಯಾಗ ಟೆಂಟ್ ಇದ್ದಾಗ ಗುಡಿಗೆ ಹೋಗ್ತೀನಿ ಅಂತ ಹೇಳಿ ಅಜ್ಜಿ ಜೋಡಿ ಬರ್ತಿದ್ದೆ. ಹೆಂಗಸರ ಕಡೆ ಯಾರೂ ಪರದೆ ನೋಡ್ತಿದ್ದಿಲ್ಲ. ಈಗೇನು ಹೇಳ್ತಾರ ಅಂತ ನಿಮ್ಮ ಮಾರಿ ನೋಡ್ತಿದ್ದಿವಿ."

"ಹಂಗಾದ್ರ ನಾ ಹೇಳಿದ್ದೆಲ್ಲಾ ಸುಳ್ಳು ಅಂತ ಗೊತ್ತಿತ್ತೇನು?"

"ಎಲ್ಲಾ ಸುಳ್ಳಲ್ಲ ಬಿಡ್ರಿ. ಧೂಳಿಂದು ನಮ್ಮ ಸೋದರತ್ತಿ ಬಂದು ಹೇಳ್ಯಾಳ."

ಹೊರಗೆ ರಾಯಚೂರಿನ ಬಸ್ಸು ಹಾದು ಓಣಿಯೆಲ್ಲ ಮಣ್ಣು ಎಬ್ಬಿಸಿತು. ಅವಳು ಎದ್ದು ಬಾಗಿಲು ಮುಚ್ಚಿದಳು. ನನ್ನ ಮುಂದೆ ಬಂದು ಕುಳಿತು, ಮುಖ ಮೇಲೆತ್ತಿ, ಎರಡೂ ಕಣ್ಣು ಮುಚ್ಚಿ ಹೇಳಿದಳು:

"ಅಮೆರಿಕದಾಗ ಅಷ್ಟು ಧೂಳಿದ್ದರ, ನಮ್ಮ ಸಿಂಧನೂರಾಗ ಎಷ್ಟಿರಬ್ಯಾಡ್ರೀ?"