ಬಿಸ್ಕತ್ತಿನ ಮನೆಗೆ ಕ್ಯೂರಿಂಗ್

"ಈ ವರ್ಷ ಮನೆ ನಾನು ಕಟ್ತೀನಿ!" ಎಂದು ಎಂಜಿನಿಯರು ಶುಕ್ರವಾರ ಸಂಜೆ ಕಾಫಿ ಲೋಟವನ್ನು ಮೇಜಿನ ಮೇಲೆ ಕುಕ್ಕಿ ಘೋಷಿಸಿದರು. ಮೂರು ಸೇತುವೆ, ಎರಡು ನೀರಿನ ಟ್ಯಾಂಕು, ಒಂದು ಆಸ್ಪತ್ರೆ ಕಟ್ಟಿಸಿ, ಇಪ್ಪತ್ತಾರು ವರ್ಷದ ಸರ್ವೀಸಿನಲ್ಲಿ ಒಂದನ್ನೂ ಬೀಳಲು ಬಿಡದವರ ಘೋಷಣೆ ಅದು. ಈಗ ಕಟ್ಟಬೇಕಾದ ಮನೆಯ ಉದ್ದ ಒಂದೂವರೆ ಅಡಿ, ಅಗಲ ಒಂದಡಿ. ಸಾಮಗ್ರಿ ಶುಂಠಿ ಬಿಸ್ಕತ್ತು.

ಅವರ ಹೆಂಡತಿ ಬಡಾವಣೆಯ ಗ್ರಂಥಾಲಯದಲ್ಲಿ ಮಕ್ಕಳ ವಿಭಾಗ ನೋಡಿಕೊಳ್ಳುವವರು. ಯಾವುದೋ ಚಳಿದೇಶದಲ್ಲಿ ವರ್ಷದ ಕೊನೆಗೆ ಬಿಸ್ಕತ್ತಿನ ಮನೆ ಮಾಡಿ, ಅದನ್ನು ಮಕ್ಕಳ ಕೈಯಲ್ಲೇ ಒಡೆಸಿ ತಿನ್ನಿಸುತ್ತಾರೆಂದು ಚಿತ್ರಪುಸ್ತಕವೊಂದರಲ್ಲಿ ನೋಡಿ, ಆರು ವರ್ಷದಿಂದ ರಜೆಯ ಹಿಂದಿನ ಶನಿವಾರ ತಪ್ಪದೆ ಮಾಡಿಕೊಂಡು ಬಂದಿದ್ದರು. ಮೊದಲು ಕಥೆ, ಆಮೇಲೆ ಮನೆ. ಆ ಮನೆ ಪ್ರತಿವರ್ಷವೂ ಎಡಕ್ಕೆ ವಾಲುತ್ತಿತ್ತು. ಮಕ್ಕಳು ಅದನ್ನು ಪ್ರೀತಿಯಿಂದ "ಸೊಟ್ಟಮನೆ" ಎನ್ನುತ್ತಿದ್ದರು. ಎಂಜಿನಿಯರಿಗೆ ಆ ಪ್ರೀತಿ ಕಾಣಿಸುತ್ತಿರಲಿಲ್ಲ, ಆ ವಾಲಿಕೆ ಮಾತ್ರ ಆರು ವರ್ಷದಿಂದ ಕಣ್ಣಿಗೆ ಚುಚ್ಚುತ್ತಿತ್ತು.

"ರೀ, ನಾಳೆ ಮೂರು ಗಂಟೆಗೆ ನಲವತ್ತು ಮಕ್ಕಳು ಬರ್ತಾರೆ. ತಮಾಷೆ ಅಲ್ಲ."

"ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಅಂತಾರೆ. ಎರಡೂ ಮಾಡಿದೋನು ಕಣೇ ನಾನು!"

"ಮದುವೆ ನೀವು ಮಾಡಿದ್ದಲ್ಲ. ನಮ್ಮಪ್ಪ ಮಾಡಿದ್ದು."

ಹೆಂಡತಿ ಬಿಸ್ಕತ್ತಿನ ಹಲಗೆಗಳನ್ನು ಬೇಯಿಸಿ, ಮೊಟ್ಟೆಯ ಬಿಳಿಗೆ ಸಕ್ಕರೆ ಪುಡಿ ಕಲಸಿ ಗಾರೆ ಮಾಡಿಕೊಟ್ಟರು. ಎಂಜಿನಿಯರು ನಕ್ಷೆ ಬರೆದರು, ಅಡಿಗಡಿಗೆ ರಸಮಟ್ಟ ಇಟ್ಟು ನೋಡಿದರು, ಗೋಡೆ ಎಬ್ಬಿಸಿದರು. ಮೇಲೆ ಚಪ್ಪಟೆ ತಾರಸಿ ಹಾಕಿದರು.

"ಪುಸ್ತಕದಲ್ಲಿ ಇಳಿಜಾರು ಚಾವಣಿ ಇದೆಯಲ್ರೀ?"

"ಇಳಿಜಾರು ಹಾಕಿದ್ರೆ ಮುಂದೆ ಮೇಲೊಂದು ಮಹಡಿ ಎಬ್ಬಿಸೋದು ಹೇಗೆ?"

"ಹತ್ತು ನಿಮಿಷದಲ್ಲಿ ತಿಂದು ಮುಗಿಸೋ ಮನೆಗೆ ಮಹಡಿ ಯಾಕ್ರೀ?"

"ಅವಕಾಶ ಬಿಟ್ಟಿರ್ಬೇಕು" ಎಂದರು ಎಂಜಿನಿಯರು. ತಾರಸಿಯ ನಾಲ್ಕು ಮೂಲೆಯಲ್ಲೂ ಮುಂದಿನ ಮಹಡಿಯ ಕಂಬಿಗಳೆಂದು ಉದ್ದನೆಯ ವೇಫರ್ ಕಡ್ಡಿಗಳು ನಿಂತವು. ಕೊನೆಗೆ ಒಂದು ಚಾಕೊಲೇಟ್ ಬಿಲ್ಲೆಯ ಮೇಲೆ ಸಕ್ಕರೆ ಗಾರೆಯಲ್ಲಿ ಶಿಲಾಫಲಕ ಬರೆದರು: "ವಿನ್ಯಾಸ, ನಿರ್ಮಾಣ ಮತ್ತು ಮೇಲ್ವಿಚಾರಣೆ: ಎಂಜಿನಿಯರ್." ಅದನ್ನು ಉದ್ಘಾಟನೆಯ ಹೊತ್ತಿಗೆ ನಿಲ್ಲಿಸುವುದೆಂದು ಫ್ರಿಜ್ಜಿನಲ್ಲಿಟ್ಟರು.

ಮನೆ ಒಂದು ಕೂದಲೆಳೆಯಷ್ಟೂ ವಾಲದೆ ನಿಂತಿತು. ಹೆಂಡತಿ ಸುತ್ತ ಒಂದು ಸುತ್ತು ಬಂದು, "ಚೆನ್ನಾಗಿದೆ ರೀ, ನಿಜವಾಗ್ಲೂ" ಎಂದರು. ಎಂಜಿನಿಯರಿಗೆ ಎದೆ ತುಂಬಿತು. ಆಸ್ಪತ್ರೆ ಕಟ್ಟಿಸಿದಾಗಲೂ ಆಕೆ ಇಷ್ಟು ಹೇಳಿರಲಿಲ್ಲ.

"ಇನ್ನು ಮುಟ್ಟಬೇಡಿ. ಫ್ಯಾನಿನ ಗಾಳಿಗೆ ಚೆನ್ನಾಗಿ ಒಣಗಲಿ."

ಒಣಗಲಿ! ಅವತ್ತು ಬೆಳಗ್ಗೆ ತಾನೇ ಎಂಜಿನಿಯರು ತಮ್ಮ ಸೈಟಿನ ಮೇಸ್ತ್ರಿಯನ್ನು ಬಿಸಿಲಲ್ಲಿ ನಿಲ್ಲಿಸಿಕೊಂಡು ಆ ಒಂದು ಮಾತಿಗಾಗಿ ಕಾಲು ಗಂಟೆ ಬೈದಿದ್ದರು. "ಸ್ಲ್ಯಾಬು ಒಣಗಬಾರದಯ್ಯಾ, ಗಟ್ಟಿಯಾಗ್ಬೇಕು! ಒಣಗೋದೇ ಬೇರೆ, ಗಟ್ಟಿಯಾಗೋದೇ ಬೇರೆ! ನೀರು ಕುಡಿಸಿದಷ್ಟೂ ಗಟ್ಟಿ! ಎಷ್ಟು ಸಲ ಹೇಳ್ಬೇಕು ನಿಂಗೆ?" ಈಗ ಅದೇ ಮಾತು ಸ್ವಂತ ಅಡುಗೆಮನೆಯಲ್ಲಿ! ಆದರೂ ಹೊಗಳಿದ ಹೆಂಡತಿಯನ್ನು ತಿದ್ದಲು ಮನಸ್ಸು ಬರದೆ ಸುಮ್ಮನಾದರು.

ಶನಿವಾರ ಹೆಂಡತಿ ಒಂಬತ್ತಕ್ಕೇ ಗ್ರಂಥಾಲಯಕ್ಕೆ ಹೊರಟರು. ಎರಡೂವರೆಗೆ ಮನೆಯನ್ನು ಜೋಪಾನವಾಗಿ ತರುವುದಷ್ಟೇ ಎಂಜಿನಿಯರ ಕೆಲಸ. ಬಾಗಿಲು ಹಾಕಿ ಬಂದು ನೋಡಿದರೆ ಹಿಂದಿನ ಗೋಡೆಯ ಗಾರೆಯಲ್ಲಿ ಒಂದು ಸಣ್ಣ ಬಿರುಕು! ನೀರು ಸಾಲದೆ ಬಿಟ್ಟ ಬಿರುಕು ಎಂಬುದರಲ್ಲಿ ಅವರಿಗೆ ಅನುಮಾನವೇ ಇರಲಿಲ್ಲ. ಫ್ಯಾನು ಆರಿಸಿದರು. ಸೈಟಿನಲ್ಲಿ ಕಂಬಕ್ಕೆ ಒದ್ದೆ ಗೋಣಿಚೀಲ ಸುತ್ತುವಂತೆ, ಬೀರುವಿನಿಂದ ನಾಲ್ಕು ಹೊಸ ಕರ್ಚೀಫು ತೆಗೆದು ನೀರಲ್ಲಿ ಅದ್ದಿ ನಾಲ್ಕು ಗೋಡೆಗೂ ಹೊದಿಸಿದರು. ಉಳಿದ ಹಿಟ್ಟಿನಿಂದ ತಾರಸಿಯ ಸುತ್ತ ಕಟ್ಟೆ ಕಟ್ಟಿ ನೀರು ನಿಲ್ಲಿಸಿದರು. ಏಳು ದಿನ ನೀರು ಕುಡಿಸುವ ಕ್ಯೂರಿಂಗು ಐದು ಗಂಟೆಯಲ್ಲಿ ಆಗಬೇಕಾದ್ದರಿಂದ ಸ್ವಲ್ಪ ಧಾರಾಳವಾಗಿಯೇ ನಿಲ್ಲಿಸಿದರು.

ಹನ್ನೊಂದಕ್ಕೆ ನೋಡಿದಾಗ ತಾರಸಿಯ ನೀರು ಇಳಿದಿತ್ತು. "ಭೇಷ್, ಚೆನ್ನಾಗಿ ಕುಡೀತಿದೆ" ಎಂದು ಇನ್ನೊಂದು ಲೋಟ ಹಾಕಿದರು. ಒಂದು ಗಂಟೆಗೆ ಹಿಂದಿನ ಗೋಡೆಯ ಕರ್ಚೀಫು ತೆಗೆದು ನೋಡಿದರೆ ಬಿರುಕು ಇರಲಿಲ್ಲ. ಗೋಡೆಯೂ ಇರಲಿಲ್ಲ, ಅದು ಕರ್ಚೀಫಿನ ಜೊತೆ ಬಂದಿತ್ತು. ತಾರಸಿ ಒಂದು ಕ್ಷಣ ಯೋಚಿಸಿ, ಸದ್ದಿಲ್ಲದೆ ಒಳಕ್ಕೆ ಕೂತಿತು. ಮುಂದಿನ ಮಹಡಿಯ ಕಂಬಿಗಳು ಒಂದೊಂದಾಗಿ ಮಲಗಿದವು.

ಎಂಜಿನಿಯರು ಕುರ್ಚಿ ಎಳೆದುಕೊಂಡು ಕೂತುಬಿಟ್ಟರು. ಇಪ್ಪತ್ತಾರು ವರ್ಷದಲ್ಲಿ ಮೊದಲ ಕುಸಿತ. ತಮ್ಮ ಮಾನ ಹೋದರೆ ಹೋಗಲಿ, ವರ್ಷವಿಡೀ ಕಾದು ಬರುವ ನಲವತ್ತು ಮಕ್ಕಳಿಗೆ ಅವಳು ಏನೆಂದು ಹೇಳಬೇಕು? ನೆನೆದರೆ ಬಾಯಿ ಒಣಗಿತು. ಒಣಗಬೇಕಾದ್ದು ಬಿಟ್ಟು ಬೇರೆಲ್ಲ ಒಣಗುತ್ತಿತ್ತು. ಫೋನು ಮಾಡಿದರು.

"ಸ್ವಲ್ಪ ಸೆಟಲ್‌ಮೆಂಟ್ ಆಗಿದೆ."

"ಹಾಗಂದ್ರೆ?"

"ಮನೆ ಕೂತಿದೆ."

"ಎಷ್ಟು ಕೂತಿದೆ?"

"ಪೂರ್ತಿ."

ಆ ಕಡೆ ಒಂದು ನಿಟ್ಟುಸಿರು. "ನೀರು ಹಾಕಿದ್ರಾ?"

"ಒದ್ದೆ ಕರ್ಚೀಫು ಹೊದಿಸಿದ್ದೆ, ಅಷ್ಟೇ."

"ನಾನು ಒಣಗಲಿ ಅಂದಾಗ ನಿಮ್ಮ ಮುಖ ನೋಡಿದಾಗ್ಲೇ ಅನ್ಕೊಂಡೆ. ಹೋಗ್ಲಿ ಬಿಡಿ. ಇದ್ದದ್ದನ್ನೆಲ್ಲ ದೊಡ್ಡ ಪಾತ್ರೆಗೆ ತುಂಬಿ. ದಾರೀಲಿ ನಾಲ್ಕು ಲೀಟರ್ ಹಾಲು, ಎರಡು ಡಜನ್ ಬಾಳೆಹಣ್ಣು, ನಲವತ್ತು ಬಟ್ಟಲು, ನಲವತ್ತು ಚಮಚ ತಗೊಳ್ಳಿ. ಮತ್ತೆ ರೀ, ಕರ್ಚೀಫು ತೆಗೆದು ತುಂಬಿ."

ಮೂರು ಗಂಟೆಗೆ ಹೆಂಡತಿ ಎಂಜಿನಿಯರನ್ನು ಮಕ್ಕಳ ಪುಟ್ಟ ಕುರ್ಚಿಯೊಂದರಲ್ಲಿ ಎಲ್ಲರ ಮುಂದೆ ಕೂರಿಸಿ ಕಥೆ ಶುರು ಮಾಡಿದರು. "ಒಂದೂರಲ್ಲಿ ಒಬ್ಬ ಎಂಜಿನಿಯರ್ ಇದ್ದ. ಅವನು ಕಟ್ಟಿದ ಮನೆ ಮೇಲೆ ಅವನಿಗೆ ಎಷ್ಟು ಪ್ರೀತಿ ಅಂದ್ರೆ, ಪಾಪ, ಅದಕ್ಕೆ ಬಾಯಾರಿಕೆ ಆಗಿರಬಹುದು ಅಂತ ಯೋಚನೆ ಮಾಡಿದ..." ಮಕ್ಕಳು ಬಿದ್ದು ಬಿದ್ದು ನಕ್ಕರು. ಆಮೇಲೆ ಹಾಲು, ಬಾಳೆಹಣ್ಣು ಬೆರೆತ ಮನೆಯನ್ನು ಚಮಚದಲ್ಲಿ ತಿಂದು, ಪಾತ್ರೆಯನ್ನೂ ಬಳಿದು ನೆಕ್ಕಿದರು. ಒಡೆಯುವ ಶ್ರಮವಿಲ್ಲದ ಮನೆಯೇ ವಾಸಿ ಎಂದು ಒಬ್ಬ ಹೇಳಿದ.

ನೀರು ಬೀಳದೆ ಉಳಿದದ್ದು ಫ್ರಿಜ್ಜಿನಲ್ಲಿದ್ದ ಶಿಲಾಫಲಕ ಒಂದೇ. ಜಟ್ಟಿ ಬಿದ್ದರೂ ಮೀಸೆ ಮಣ್ಣಾಗಲಿಲ್ಲ ಎಂಬಂತಿದ್ದ ಅದನ್ನು ಹೆಂಡತಿ ಪಾತ್ರೆಯ ಪಕ್ಕದಲ್ಲೇ ನಿಲ್ಲಿಸಿದ್ದರು. ಎರಡು ಜಡೆಯ ಹುಡುಗಿಯೊಬ್ಬಳು ಅದನ್ನು ಕೂಡಿಸಿ ಕೂಡಿಸಿ ಓದಿದಳು.

"ಕಟ್ಟಿದ್ದು ಇವ್ರು. ಬೀಳ್ಸಿದ್ದು ಯಾರು ಆಂಟಿ?"

"ಅದೂ ಇವ್ರೇ ಪುಟ್ಟಾ."

ಹುಡುಗಿ ಎಂಜಿನಿಯರನ್ನು ಮೇಲಿಂದ ಕೆಳಗೆ ನೋಡಿದಳು. "ನಮ್ಮ ತಾತ ಮೇಸ್ತ್ರಿ. ಅವ್ರಿಗೂ ಒಬ್ರು ಎಂಜಿನಿಯರ್ ದಿನಾ 'ನೀರು ಹಾಕು, ನೀರು ಹಾಕು' ಅಂತ ಬೈತಾರೆ."

ಎಂಜಿನಿಯರು ಬಟ್ಟಲಿನಿಂದ ತಲೆ ಎತ್ತಲಿಲ್ಲ.

ಸೋಮವಾರ ಬೆಳಗ್ಗೆ ಸೈಟಿಗೆ ಹೋದಾಗ ಮೇಸ್ತ್ರಿ ಪೈಪು ಹಿಡಿದು ಸ್ಲ್ಯಾಬಿನ ಮೇಲೆ ನಿಂತಿದ್ದ. ಮುಖದಲ್ಲಿ ನಗುವಿನ ಸುಳಿವಿರಲಿಲ್ಲ. ಎಂದಿಗಿಂತ ಹೆಚ್ಚು ವಿನಯದಿಂದ ಬಗ್ಗಿ ಕೇಳಿದ:

"ಸಾರ್, ನೀರು ಬಿಡ್ಲಾ? ಇಲ್ಲಾ, ಚಮಚ ತರಿಸ್ಲಾ?"